ಮಿಲ್ಲಿನ ಸದ್ದಿಗೆ ಹೋದ ಕಿವಿ: ಪರಿಹಾರ ಯಾರು ಕೊಡಬೇಕು, ಎಷ್ಟು, ಎಷ್ಟು ದಿನದೊಳಗೆ ಕೇಳಬೇಕು?

ಪ್ರಶ್ನೆ: ದಾವಣಗೆರೆ ಹತ್ತಿರದ ನೂಲಿನ ಮಿಲ್ಲೊಂದರ ರಿಂಗ್ ಫ್ರೇಮ್ (ನೂಲು ತೆಗೆಯುವ ಯಂತ್ರ) ವಿಭಾಗದಲ್ಲಿ 14 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ವಯಸ್ಸು 45. ಮೊದಲ 11 ವರ್ಷ ಗುತ್ತಿಗೆದಾರರ ಹೆಸರಿನಲ್ಲಿದ್ದೆ, 3 ವರ್ಷದಿಂದ ಮಿಲ್ಲಿನ ಹೆಸರಿನಲ್ಲಿದ್ದೇನೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಈ 3 ವರ್ಷದ್ದು ಮಾತ್ರ. ಸಂಬಳ 16,500. ಎರಡೂ ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಫೋನಿನಲ್ಲಿ ಮಾತು ತಿಳಿಯುವುದಿಲ್ಲ. ‘ವಯಸ್ಸಾಯಿತು, ನಿನ್ನ ಕಿವಿ ಮೊದಲೇ ಸರಿ ಇರಲಿಲ್ಲ, ರಾಜೀನಾಮೆ ಕೊಟ್ಟು ಲೆಕ್ಕ ಚುಕ್ತಾ ಮಾಡಿಕೋ’ ಎನ್ನುತ್ತಾರೆ ಮ್ಯಾನೇಜರ್. ಪರಿಹಾರ ಸಿಗುತ್ತದೆಯೇ? ಅವಧಿ ಮುಗಿದುಹೋಗಿದೆಯೇ?

ಉತ್ತರ: ಸಿಗುತ್ತದೆ. ಅವಧಿಯೂ ಮುಗಿದಿಲ್ಲ. ನಿಮ್ಮ ದಾರಿ ಇಎಸ್‌ಐ ಕಡೆಯದು, ಕೋರ್ಟಿನದಲ್ಲ. ರಾಜೀನಾಮೆ ಪತ್ರಕ್ಕೆ ಸದ್ಯ ಸಹಿ ಹಾಕಬೇಡಿ. ಅದಕ್ಕಿಂತ ಮೊದಲು ಎರಡು ಕಾಗದ ನಿಮ್ಮ ಕೈಲಿರಬೇಕು: ಮಿಲ್ಲಿಗೆ ಕೊಟ್ಟ ಲಿಖಿತ ನೋಟಿಸಿನ ಸ್ವೀಕೃತಿ, ಸರಿಯಾಗಿ ಮಾಡಿಸಿದ ಆಡಿಯೋಗ್ರಾಮ್ (ಕಿವಿ ಪರೀಕ್ಷೆಯ ಹಾಳೆ). ಕಿವಿಯ ಪ್ರಕರಣಗಳು ಸೋಲುವುದು ಕಾನೂನು ಇಲ್ಲದ್ದರಿಂದಲ್ಲ, ಈ ಎರಡರಲ್ಲಿ ಒಂದು ಇಲ್ಲದ್ದರಿಂದ.

ಕೈ ಮಿಷಿನ್‌ಗೆ ಸಿಕ್ಕರೆ ಅಪಘಾತದ ದಿನ, ಗಂಟೆ, ಸಾಕ್ಷಿ ಎಲ್ಲ ಇರುತ್ತದೆ. ಕಿವಿ ಹೋಗುವುದಕ್ಕೆ ದಿನಾಂಕವೇ ಇಲ್ಲ. ಹಾಗಾಗಿ ಕಾನೂನು ಇದನ್ನು ಅಪಘಾತವೆಂದು ನೋಡದೆ ಔದ್ಯೋಗಿಕ ರೋಗವೆಂದು ನೋಡುತ್ತದೆ. 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲೂ 1948ರ ಇಎಸ್‌ಐ ಕಾಯ್ದೆಯ ಮೂರನೇ ಅನುಸೂಚಿಯಲ್ಲೂ ‘ಬಿ’ ಭಾಗದಲ್ಲಿ ‘ಸದ್ದಿನಿಂದ ಉಂಟಾದ ಶ್ರವಣದೋಷ’ ಹೆಸರು ಹಿಡಿದೇ ಇದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಈ ಎರಡೂ ಕಾಯ್ದೆಗಳ ಜಾಗಕ್ಕೆ ಬಂದಿದೆ. ಅದರ ಮೂರನೇ ಅನುಸೂಚಿಯಲ್ಲೂ ಇದೇ ಸಾಲು ಉಳಿದಿದೆ. ವಕೀಲರೂ ಕಚೇರಿಯವರೂ ಇನ್ನೂ ಹಳೆಯ ಸೆಕ್ಷನ್ ನಂಬರಿನಲ್ಲೇ ಮಾತಾಡುವುದರಿಂದ ನಾನೂ ಹಾಗೆಯೇ ಬರೆಯುತ್ತೇನೆ.

‘ಬಿ’ ಭಾಗದ ರೋಗಕ್ಕೆ ಇರುವ ಮುಖ್ಯ ಷರತ್ತು ಒಂದೇ. ಸದ್ದಿಗೆ ಒಡ್ಡುವ ಕೆಲಸದಲ್ಲಿ ಸತತ 6 ತಿಂಗಳು ಇದ್ದಿರಬೇಕು. ಪರಿಹಾರ ಕಾಯ್ದೆಯಲ್ಲಾದರೆ ಆ 6 ತಿಂಗಳು ಒಬ್ಬನೇ ಮಾಲೀಕನ ಬಳಿ ಆಗಿರಬೇಕು, ಬೇರೆ ಮಾಲೀಕನ ಬಳಿ ಮಾಡಿದ ಅಂಥದೇ ಕೆಲಸವನ್ನು ಕೂಡಿಸುವಂತಿಲ್ಲ. ಷರತ್ತು ತುಂಬಿದ ಮೇಲೆ ರೋಗ ಕೆಲಸದಿಂದಲೇ ಬಂತೆಂದು ಕಾನೂನೇ ಭಾವಿಸಿಕೊಳ್ಳುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಎದುರಿನವರದು. ಮಿಲ್ಲಿನ ಹೆಸರಿನಲ್ಲಿರುವ ನಿಮ್ಮ 3 ವರ್ಷವೇ ಇದಕ್ಕೆ ಧಾರಾಳ ಸಾಕು. ಗುತ್ತಿಗೆದಾರರ ಹೆಸರುಗಳು ಎಷ್ಟು ಸಲ ಬದಲಾದವು ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಇಎಸ್‌ಐ ಇದ್ದವರಿಗೆ ಪರಿಹಾರ ಕಾಯ್ದೆಯ ಬಾಗಿಲು ಮುಚ್ಚಿರುತ್ತದೆ. ಇಎಸ್‌ಐ ಕಾಯ್ದೆಯ 53ನೇ ಸೆಕ್ಷನ್ ಹೇಳುವುದೇ ಅದನ್ನು: ವಿಮಾದಾರನಾಗಿದ್ದಾಗ ಆದ ಉದ್ಯೋಗ ಗಾಯಕ್ಕೆ ಮಾಲೀಕನಿಂದ ಆ ಕಾಯ್ದೆಯಡಿ ಪರಿಹಾರ ಕೇಳುವಂತಿಲ್ಲ. ಇದು ಗೊತ್ತಿಲ್ಲದೆ ಕೋರ್ಟಿಗೆ ಅರ್ಜಿ ಹಾಕಿ ಎರಡು ಮೂರು ವರ್ಷ ಓಡಾಡಿ, ಕೊನೆಗೆ ‘ಇಎಸ್‌ಐಗೆ ಹೋಗಿ’ ಎಂಬ ಆದೇಶ ಹಿಡಿದು ಬರುವವರಿದ್ದಾರೆ. ತಿಂಗಳ ವೇತನ 21,000 ರೂಪಾಯಿ ಮೀರದವರು, 10 ಅಥವಾ ಹೆಚ್ಚು ಜನ ಇರುವ ಕಾರ್ಖಾನೆಯವರು ಸಾಮಾನ್ಯವಾಗಿ ಇಎಸ್‌ಐ ವ್ಯಾಪ್ತಿಯೊಳಗೆ ಬರುತ್ತಾರೆ. ಮಾಲೀಕ ವಂತಿಗೆ ಕಟ್ಟಿಲ್ಲ ಎಂಬುದು ನಿಮ್ಮ ತಪ್ಪಲ್ಲ. ಇಎಸ್‌ಐ ನಿಗಮ ನಿಮಗೆ ಸವಲತ್ತು ಕೊಟ್ಟು ಅದನ್ನು ಮಾಲೀಕನಿಂದ ವಸೂಲಿ ಮಾಡಲು 68ನೇ ಸೆಕ್ಷನ್ ಇದೆ. ಇಎಸ್‌ಐ ವ್ಯಾಪ್ತಿಗೆ ಬಾರದವರಿಗೆ ಮಾತ್ರ ಪರಿಹಾರ ಕಾಯ್ದೆ: ನಾಲ್ಕೈದು ಜನರ ಸಣ್ಣ ವರ್ಕ್‌ಶಾಪಿನವರು, 21,000 ದಾಟಿದ ಫಿಟ್ಟರ್, ಸೂಪರ್‌ವೈಸರ್‌ಗಳು.

ಈಗ ಆಡಿಯೋಗ್ರಾಮ್. ಇಡೀ ಪ್ರಕರಣ ನಿಲ್ಲುವುದು ಈ ಒಂದು ಹಾಳೆಯ ಮೇಲೆ.

ಸದ್ದಿನಿಂದ ಕಿವಿ ಹೋಗುವಾಗ ಮೊದಲು ಹೋಗುವುದು ತೀಕ್ಷ್ಣ ಸ್ವರಗಳು. ಹಾಳೆಯಲ್ಲಿ ಅಡ್ಡಕ್ಕೆ 250ರಿಂದ 8000 ಹರ್ಟ್ಸ್‌ವರೆಗೆ ಸ್ವರಗಳು, ಮೇಲಿಂದ ಕೆಳಕ್ಕೆ ಡೆಸಿಬಲ್ (ಸದ್ದಿನ ಜೋರಿನ ಅಳತೆ). ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ ಚಿಹ್ನೆ. ಗೆರೆ ಕೆಳಗಿಳಿದಷ್ಟೂ ಕಿವಿ ಮಂದ. ಮಿಲ್ಲಿನವರ ಹಾಳೆ ಸಾಮಾನ್ಯವಾಗಿ ಹೀಗೆ ಕಾಣುತ್ತದೆ: 500ರಲ್ಲಿ 20, 1000ದಲ್ಲಿ 25, 2000ದಲ್ಲಿ 35, 4000ಕ್ಕೆ ಬಂದಾಗ ಒಮ್ಮೆಲೇ 65ಕ್ಕೆ ಕುಸಿತ, 8000ದಲ್ಲಿ ಮತ್ತೆ 45ಕ್ಕೆ ಏರಿಕೆ. 3000ದಿಂದ 6000ದ ನಡುವೆ ಬೀಳುವ ಈ ಕುಳಿಯೇ ಸದ್ದಿನ ಗುರುತು. ಬರೀ ವಯಸ್ಸಿನಿಂದ ಕಿವಿ ಮಂದವಾದರೆ ಗೆರೆ 8000ದವರೆಗೂ ಇಳಿಯುತ್ತಲೇ ಹೋಗುತ್ತದೆ, ಮತ್ತೆ ಏಳುವುದಿಲ್ಲ. ಮ್ಯಾನೇಜರ್ ಹೇಳುವ ‘ವಯಸ್ಸಾಯಿತು’ ಎಂಬ ಮಾತಿಗೆ ನೀವು ಬಾಯಿಯಲ್ಲಿ ಉತ್ತರ ಕೊಡಬೇಕಾಗಿಲ್ಲ, ಈ ಕುಳಿ ಕೊಡುತ್ತದೆ. ಫೋನಿನ ಮಾತು ತಿಳಿಯದಿರುವುದಕ್ಕೂ ಇದೇ ಕಾರಣ: ದನಿ ಕೇಳಿಸುತ್ತದೆ, ಆದರೆ ಸ, ಶ, ತ, ಕಗಳಂಥ ತೆಳು ವ್ಯಂಜನಗಳು ಸೋರಿಹೋಗುತ್ತವೆ. ‘ಕೇಳುತ್ತೆ, ಏನಂದ್ರು ಅಂತ ಗೊತ್ತಾಗಲ್ಲ’ ಎಂದು ಹೆಚ್ಚಿನವರು ಹೇಳುವುದು ಇದನ್ನೇ.

ಪರೀಕ್ಷೆಯಲ್ಲಿ ತಪ್ಪಾಗುವುದು ಕೆಲವೇ ಕಡೆ, ಆದರೆ ಪದೇ ಪದೇ ಆಗುತ್ತದೆ. ರಾತ್ರಿ ಪಾಳಿ ಮುಗಿಸಿ ನೇರ ಆಸ್ಪತ್ರೆಗೆ ಹೋಗಬೇಡಿ. ಸದ್ದಿನಿಂದ ಬರುವ ತಾತ್ಕಾಲಿಕ ಮಂದತನ ಲೆಕ್ಕದೊಳಗೆ ಸೇರಿಬಿಡುತ್ತದೆ, ಎದುರಿನ ವಕೀಲರು ಪರೀಕ್ಷೆಯ ಸಮಯ ನೋಡಿ ಇಡೀ ವರದಿಯನ್ನೇ ತಳ್ಳಿಹಾಕಲು ಕೇಳುತ್ತಾರೆ. ಕನಿಷ್ಠ 16 ಗಂಟೆ ಸದ್ದಿನಿಂದ ದೂರವಿದ್ದು, ವಾರದ ರಜೆಯ ಮರುದಿನ ಬೆಳಿಗ್ಗೆ ಮಾಡಿಸಿ. ‘ಕೊನೆಯ ಪಾಳಿ ಇಂಥ ದಿನ ಇಷ್ಟು ಗಂಟೆಗೆ ಮುಗಿದಿತ್ತು’ ಎಂದು ವರದಿಯಲ್ಲೇ ಬರೆಸಿ. ಅನೇಕ ಕಡೆ 3000 ಮತ್ತು 6000 ಹರ್ಟ್ಸ್ ಬಿಟ್ಟುಬಿಡುತ್ತಾರೆ. ಕುಳಿ ಕಾಣುವುದೇ ಅಲ್ಲಿ, ಹಾಗಾಗಿ ಕೇಳಿ ಹಾಕಿಸಿಕೊಳ್ಳಿ. ಗಾಳಿ ಮೂಲಕವೂ ಮೂಳೆ ಮೂಲಕವೂ ಪರೀಕ್ಷೆ ಆಗಬೇಕು. ಎರಡೂ ಗೆರೆ ಜೊತೆಜೊತೆಗೆ ಇಳಿದಿದ್ದರೆ ದೋಷ ಒಳಗಿವಿಯದು ಎಂದರ್ಥ. ಎರಡರ ನಡುವೆ ಅಂತರ ಇದ್ದರೆ ತಮಟೆ ತೂತು, ಕಿವಿ ಸೋರುವುದು ಇಂಥ ಬೇರೆ ಕಾರಣದ ಕಡೆ ಬೆರಳು ತೋರಿಸುತ್ತದೆ. ಕಿವಿಯಲ್ಲಿ ಗುಗ್ಗೆ ತುಂಬಿದ್ದರೆ ಮೊದಲು ತೆಗೆಸಿ. ಒಂದೇ ಕಿವಿ ಹೆಚ್ಚು ಮಂದವಾಗಿದ್ದರೆ ವೈದ್ಯರಿಗೆ ಹೇಳಿ, ಸದ್ದಿನ ಹಾನಿ ಸಾಮಾನ್ಯವಾಗಿ ಎರಡೂ ಕಿವಿಗೆ ಹೆಚ್ಚುಕಡಿಮೆ ಸಮನಾಗಿಯೇ ಆಗುತ್ತದೆ. ಹಿಂದೆ ಕ್ಷಯಕ್ಕೆ ಸ್ಟ್ರೆಪ್ಟೋಮೈಸಿನ್ ಚುಚ್ಚುಮದ್ದು ಆಗಿತ್ತೇ, ಜೆಂಟಾಮೈಸಿನ್ ಕೊಟ್ಟಿದ್ದರೇ ಎಂಬುದನ್ನೂ ಮುಚ್ಚಿಡಬೇಡಿ. ಪಾಟಿ ಸವಾಲಿನಲ್ಲಿ ಅದು ಹೊರಬಂದರೆ ನಿಜ ಹೇಳಿದ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ.

ದಾವಣಗೆರೆಯ ಇಎಸ್‌ಐ ಆಸ್ಪತ್ರೆಗೆ ಹೋದಾಗ ‘ಕಿವಿ ಕೇಳಿಸಲ್ಲ’ ಎಂದಷ್ಟೇ ಹೇಳಿ ಕೂರಬೇಡಿ. ಚೀಟಿಯಲ್ಲಿ ವೈದ್ಯರು ಬರೆಯುವುದು ನೀವು ಹೇಳಿದ್ದನ್ನೇ. ‘14 ವರ್ಷದಿಂದ ರಿಂಗ್ ಫ್ರೇಮ್‌ನಲ್ಲಿ, ದಿನಕ್ಕೆ 8 ಗಂಟೆ, ಕಿವಿಗೆ ರಕ್ಷಣೆ ಇಲ್ಲ’ ಎಂದು ಹೇಳಿ, ಆ ಮಾತು ಚೀಟಿಯಲ್ಲಿ ಬಂದಿದೆಯೇ ನೋಡಿಕೊಂಡೇ ಹೊರಡಿ. ಅಲ್ಲಿಂದ ಕಿವಿ ತಜ್ಞರು, ಪರೀಕ್ಷೆ. ಆಮೇಲೆ ಶಾಖಾ ಕಚೇರಿಯ ಮೂಲಕ ವಿಶೇಷ ವೈದ್ಯಕೀಯ ಮಂಡಳಿ. ಔದ್ಯೋಗಿಕ ರೋಗ ಹೌದೋ ಅಲ್ಲವೋ, ಕಾಯಂ ಊನ ಆಗಿದೆಯೋ, ಗಳಿಕೆಯ ಸಾಮರ್ಥ್ಯ ಶೇಕಡ ಎಷ್ಟು ಕುಂದಿದೆ ಎಂದು ಹೇಳುವುದು ಆ ಮಂಡಳಿ. ತೀರ್ಪು ತಾತ್ಕಾಲಿಕವೋ ಅಂತಿಮವೋ ಎಂಬುದನ್ನು ಕಾಗದದಲ್ಲಿ ಓದಿ ತಿಳಿದುಕೊಳ್ಳಿ. ಒಪ್ಪಿಗೆಯಾಗದಿದ್ದರೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿ ಅಥವಾ ನೌಕರರ ವಿಮಾ ನ್ಯಾಯಾಲಯ ಇದೆ. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ವರದಿಗೆ ತೂಕ ಹೆಚ್ಚು. ಸುಳ್ಳು ಹೇಳಿ ಕಿವುಡಾದವರನ್ನು ಹಿಡಿಯುವ ಪರೀಕ್ಷೆಗಳಿವೆ. ನೀವಾಗಿಯೇ ಅವನ್ನು ಮಾಡಿಸಿಕೊಂಡರೆ ಆ ಅನುಮಾನ ಮೊದಲೇ ಮುಗಿಯುತ್ತದೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ವಿಕಲಚೇತನರ ಕಾರ್ಡಿನ ಶೇಕಡಾವಾರು ಬೇರೆ, ಪರಿಹಾರದ ಶೇಕಡಾವಾರು ಬೇರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿಯಲ್ಲಿ ಮಾತಿನ ಸ್ವರಗಳಿಗೆ 60ರಿಂದ 70 ಡೆಸಿಬಲ್ ನಷ್ಟವಾದರೆ ‘ಮಂದ ಶ್ರವಣ’, 70ಕ್ಕೆ ಕಿವುಡು. ಮೇಲೆ ಹೇಳಿದ ಹಾಳೆಯಲ್ಲಿ 500, 1000, 2000, 4000ದ ಸರಾಸರಿ ತೆಗೆದರೆ 36 ಚಿಲ್ಲರೆ. ಕಾರ್ಡ್ ಸಿಗುವುದಿಲ್ಲ. ಹಾಗೆಂದು ಪರಿಹಾರವಿಲ್ಲ ಎಂದೇನೂ ಅಲ್ಲ, ಪರಿಹಾರ ಕೇಳುವುದು ಗಳಿಕೆಯ ಸಾಮರ್ಥ್ಯ ಎಷ್ಟು ಕುಂದಿತು ಎಂದು. ಆದರೆ ನೇರವಾಗಿಯೇ ಹೇಳುತ್ತೇನೆ: ಈ ಮಟ್ಟದ ಹಾಳೆಗೆ ದೊಡ್ಡ ಶೇಕಡಾವಾರು ನಿರೀಕ್ಷಿಸಬೇಡಿ. ಸಂಪೂರ್ಣ ಕಿವುಡಾದರೆ ಮಾತ್ರ ಪರಿಹಾರ ಕಾಯ್ದೆಯ ಮೊದಲ ಅನುಸೂಚಿಯ ಪ್ರಕಾರ ನೂರಕ್ಕೆ ನೂರು. ಭಾಗಶಃ ಶ್ರವಣ ನಷ್ಟಕ್ಕೆ ಅಲ್ಲಿ ಸಿದ್ಧ ದರವಿಲ್ಲ, ವೈದ್ಯರೇ ಅಂದಾಜಿಸಬೇಕು.

ದುಡ್ಡಿನ ಲೆಕ್ಕ. ಇಎಸ್‌ಐನಲ್ಲಿ ಸರಾಸರಿ ದಿನಗೂಲಿಯ ಶೇ. 90 ಪೂರ್ಣ ದರ. ಕಾಯಂ ಊನಕ್ಕೆ ಅದರಲ್ಲಿ ನಿಮ್ಮ ಶೇಕಡಾವಾರಿನಷ್ಟು, ಬದುಕಿರುವವರೆಗೂ ಪ್ರತಿ ತಿಂಗಳು ಬರುತ್ತದೆ. ದಿನಗೂಲಿ 600 ಎಂದಿಟ್ಟುಕೊಳ್ಳಿ, 90ರ ಲೆಕ್ಕಕ್ಕೆ 540. ಮಂಡಳಿ 20 ಎಂದು ಬರೆದರೆ ದಿನಕ್ಕೆ 108, 30 ದಿನದ ತಿಂಗಳಿಗೆ 3,240. ಕೆಲಸದಲ್ಲಿ ಮುಂದುವರಿದರೂ ಇದು ನಿಲ್ಲುವುದಿಲ್ಲ. ಇಷ್ಟು ತಿಂಗಳ ವಂತಿಗೆ ಕಟ್ಟಿರಬೇಕೆಂಬ ಷರತ್ತು ಉದ್ಯೋಗ ಗಾಯಕ್ಕಿಲ್ಲ.

ಪರಿಹಾರ ಕಾಯ್ದೆಯಲ್ಲಿ ಒಂದೇ ಸಲದ ಮೊತ್ತ. ವೇತನದ ಶೇ. 60ನ್ನು ವಯಸ್ಸಿನ ಗುಣಕದಿಂದ ಗುಣಿಸಿ, ಬಂದದ್ದರಲ್ಲಿ ಊನದ ಶೇಕಡಾವಾರು ತೆಗೆಯಬೇಕು. ವೇತನ ಎಷ್ಟೇ ಇರಲಿ ಲೆಕ್ಕಕ್ಕೆ ಹಿಡಿಯುವುದು 15,000ದವರೆಗೆ, 2020ರ ಜನವರಿ 3ರಿಂದ ಈ ಮಿತಿ. ಅದಕ್ಕೆ ಮೊದಲಿನದಕ್ಕೆ 8,000. 45 ವರ್ಷಕ್ಕೆ ಗುಣಕ 169.44. 9,000 × 169.44 = 15,24,960. ಶೇ. 20 ಎಂದರೆ 3,04,992. ನಿಮ್ಮ ಊರಿನ ಯಾರಾದರೂ ಇಎಸ್‌ಐ ಇಲ್ಲದೆ ಇದೇ ತೊಂದರೆಯಲ್ಲಿದ್ದರೆ ಅವರಿಗೆ ಈ ಲೆಕ್ಕ ತೋರಿಸಿ. ಮಾಲೀಕ ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ, ಕಾರಣವಿಲ್ಲದ ವಿಳಂಬಕ್ಕೆ ಮೊತ್ತದ ಅರ್ಧದವರೆಗೆ ದಂಡ.

ಅಂಥವರಿಗೆ ಅವಧಿಯ ವಿಷಯ ಮುಖ್ಯ. ಎಲ್ಲರೂ ‘ಎರಡು ವರ್ಷ’ ಎನ್ನುತ್ತಾರೆ, ಎಲ್ಲಿಂದ ಎಣಿಸಬೇಕೆಂದು ಯಾರೂ ಹೇಳುವುದಿಲ್ಲ. 10ನೇ ಸೆಕ್ಷನ್ ಮೂರು ಸಂದರ್ಭಕ್ಕೆ ಮೂರು ದಿನ ಇಟ್ಟಿದೆ. ರೋಗದಿಂದಾಗಿ ಕೆಲಸಕ್ಕೆ ಹೋಗಲಾಗದಿದ್ದರೆ ಸತತ ಗೈರಿನ ಮೊದಲ ದಿನ. ಕೆಲಸ ಬಿಟ್ಟ ಎರಡು ವರ್ಷದೊಳಗೆ ಲಕ್ಷಣ ಕಾಣಿಸಿಕೊಂಡರೆ ಅದು ಮೊದಲು ಪತ್ತೆಯಾದ ದಿನ. ಕಿವಿ ಮಂದವಾದರೂ ದಿನಾ ಕೆಲಸಕ್ಕೆ ಹೋಗುತ್ತಿರುವವರಿಗೆ, ಅಂದರೆ ಮಿಲ್ಲಿನ ಬಹುಪಾಲು ಜನರಿಗೆ, ಮಾಲೀಕರಿಗೆ ನೋಟಿಸ್ ಕೊಟ್ಟ ದಿನದಿಂದ ಎರಡು ವರ್ಷ. ಗಡಿಯಾರ ಶುರುವಾಗುವುದು ನಿಮ್ಮ ಕಾಗದದಿಂದ. ನೋಟಿಸ್ ಕೊಡದೆ ಕೆಲಸ ಬಿಟ್ಟು ಮೂರು ವರ್ಷದ ಮೇಲೆ ಆಸ್ಪತ್ರೆಗೆ ಹೋದರೆ ಈ ಮೂರೂ ಆಸರೆ ಕೈತಪ್ಪುತ್ತವೆ. ಸಕಾರಣವಿದ್ದರೆ ವಿಳಂಬ ಮನ್ನಿಸುವ ಅಧಿಕಾರ ಪರಿಹಾರದ ಅರ್ಜಿ ತೀರ್ಮಾನಿಸುವ ಆಯುಕ್ತರಿಗಿದೆ, ಆದರೆ ಅದನ್ನು ನಂಬಿ ಕೂರುವಂತಿಲ್ಲ.

ನೋಟಿಸ್ ಅರ್ಧ ಹಾಳೆ ಸಾಕು, ಕನ್ನಡದಲ್ಲೇ ಇರಲಿ: ‘ನಾನು ಇಂಥ ವಿಭಾಗದಲ್ಲಿ ಇಂಥ ದಿನದಿಂದ ಕೆಲಸ ಮಾಡುತ್ತಿದ್ದೇನೆ. ಯಂತ್ರಗಳ ಸದ್ದಿನಿಂದ ನನ್ನ ಎರಡೂ ಕಿವಿಯ ಶ್ರವಣ ಕುಂದಿದೆ. ಇಂಥ ದಿನ ಇಂಥ ಆಸ್ಪತ್ರೆಯಲ್ಲಿ ಪರೀಕ್ಷೆಯಾಗಿದೆ. ಇದನ್ನು ಔದ್ಯೋಗಿಕ ರೋಗವೆಂದು ದಾಖಲಿಸಿ ಇಎಸ್‌ಐಗೆ ವರದಿ ಮಾಡಲು ಕೋರುತ್ತೇನೆ.’ ಕೈಯಲ್ಲಿ ಕೊಟ್ಟರೆ ಪ್ರತಿಯ ಮೇಲೆ ಸೀಲು, ದಿನಾಂಕ. ತೆಗೆದುಕೊಳ್ಳುವುದಿಲ್ಲ ಎಂದರೆ ಸ್ವೀಕೃತಿ ಸಹಿತ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಇಎಸ್‌ಐ ಇದ್ದವರೂ ಇದನ್ನು ಕೊಡಲೇಬೇಕು, ಮುಂದೆ ‘ನಮಗೆ ಗೊತ್ತೇ ಇರಲಿಲ್ಲ’ ಎನ್ನಲಾಗದಂತೆ.

ನಿಮ್ಮ ಮ್ಯಾನೇಜರ್ ಮಾತಿಗೆ ಬರೋಣ. ‘ಮೊದಲೇ ಸರಿ ಇರಲಿಲ್ಲ’ ಎನ್ನಬೇಕಾದರೆ ಸೇರುವಾಗಿನ ಪರೀಕ್ಷೆಯ ಕಾಗದ ತೋರಿಸಲಿ. ಹೆಚ್ಚು ಸದ್ದಿನ ಕೆಲಸಕ್ಕೆ ಕೇಂದ್ರದ ಮಾದರಿ ಕಾರ್ಖಾನೆ ನಿಯಮಗಳು ಹೇಳುವುದು ಸೇರಿದ 14 ದಿನದೊಳಗೆ ಕಿವಿ ಪರೀಕ್ಷೆ, ಆಮೇಲೆ 12 ತಿಂಗಳಿಗೊಮ್ಮೆ. ದಿನಕ್ಕೆ 8 ಗಂಟೆ 90 ಡೆಸಿಬಲ್ ಮಿತಿ, 95 ಆದರೆ 4 ಗಂಟೆ, 100 ಆದರೆ 2 ಗಂಟೆ, 115 ದಾಟಿದಲ್ಲಿ ಕೆಲಸಕ್ಕೆ ಹಾಕುವಂತೆಯೇ ಇಲ್ಲ. ಪರೀಕ್ಷೆಯನ್ನೇ ಮಾಡಿಸದ ಮಿಲ್ಲಿನ ಬಳಿ ನಿಮ್ಮ ಕಿವಿ ಹಿಂದೆ ಹೇಗಿತ್ತೆಂಬುದಕ್ಕೆ ದಾಖಲೆ ಇರುವುದಿಲ್ಲ. ಕಿವಿಗೆ ಪ್ಲಗ್ ಕೊಟ್ಟಿದ್ದೆವು, ಅವರೇ ಹಾಕಲಿಲ್ಲ ಎಂಬ ವಾದವೂ ಬರುತ್ತದೆ. ಬೇಕೆಂದೇ ಕಡೆಗಣಿಸಿದ್ದನ್ನು ಮಾಲೀಕರೇ ಸಾಬೀತುಪಡಿಸಬೇಕು. ವರ್ಷಕ್ಕೊಮ್ಮೆ ತಪಾಸಣೆಯ ದಿನ ಹಂಚಿದ ಹತ್ತಿ ಉಂಡೆ ಅಂಥ ರಕ್ಷಣೆಯೇ ಅಲ್ಲ. ‘ಸಂಬಳ ಕಡಿಮೆಯಾಗಿಲ್ಲವಲ್ಲ’ ಎಂಬುದು ಮೂರನೆಯ ವಾದ. ಕಾಯ್ದೆ ನೋಡುವುದು ಇಂದಿನ ಸಂಬಳವನ್ನಲ್ಲ, ಆಗ ನೀವು ಮಾಡಬಲ್ಲವರಾಗಿದ್ದ ಎಲ್ಲ ಕೆಲಸಗಳಲ್ಲಿ ಗಳಿಕೆಯ ಸಾಮರ್ಥ್ಯ ಕುಂದಿದೆಯೇ ಎಂಬುದನ್ನು.

ಸಾಕ್ಷ್ಯ ಕೂಡಿಸುವಾಗ ಭವಿಷ್ಯ ನಿಧಿಯ ಪಾಸ್‌ಬುಕ್ ಮರೆಯಬೇಡಿ. ಗುತ್ತಿಗೆಯ ಕಾಲದ ಕಂತುಗಳು ಅದರಲ್ಲಿದ್ದರೆ ಯಾವ ತಿಂಗಳು ಯಾರ ಹೆಸರಿನಲ್ಲಿ ಕೆಲಸ ಮಾಡಿದಿರಿ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಕಾಗದ ಸಿಗುವುದು ಕಷ್ಟ. ಮಿಲ್ಲಿನ ಸದ್ದಿನ ಅಳತೆ, ತಪಾಸಣಾ ವರದಿಗಳನ್ನು ಕಾರ್ಖಾನೆಗಳ ಇಲಾಖೆಯಿಂದ ಮಾಹಿತಿ ಹಕ್ಕಿನಲ್ಲಿ ಕೇಳಿ, ಶುಲ್ಕ 10 ರೂಪಾಯಿ. ಮೊಬೈಲ್ ಆ್ಯಪ್‌ನಲ್ಲಿ ಅಳೆದದ್ದು ಸಾಕ್ಷ್ಯವಾಗಿ ನಿಲ್ಲುವುದಿಲ್ಲ.

ಇಎಸ್‌ಐ ಇಲ್ಲದವರು ಅರ್ಜಿ ಹಾಕಬೇಕಾದದ್ದು ಆಯುಕ್ತರ ಮುಂದೆ (ಸಂಹಿತೆಯ ಭಾಷೆಯಲ್ಲಿ ‘ಸಕ್ಷಮ ಪ್ರಾಧಿಕಾರ’). ಕರ್ನಾಟಕದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರು ಈ ಕೆಲಸ ಮಾಡುತ್ತಾ ಬಂದಿದ್ದಾರೆ. ಕೆಲಸದ ಜಾಗ, ವಾಸದ ಜಾಗ, ಕಂಪನಿಯ ನೋಂದಾಯಿತ ಕಚೇರಿ, ಈ ಮೂರರಲ್ಲಿ ಎಲ್ಲಿ ಬೇಕಾದರೂ ಹಾಕಬಹುದು. ಹರಿಹರದಲ್ಲಿ ಮನೆ, ಹೊಳೆ ದಾಟಿ ಕುಮಾರಪಟ್ಟಣದಲ್ಲಿ ಕೆಲಸ ಇರುವವರು ಇದಕ್ಕಾಗಿ ಹಾವೇರಿ ಜಿಲ್ಲೆಗೆ ಅಲೆಯಬೇಕಾಗಿಲ್ಲ. ವಕೀಲರ ಖರ್ಚಿಗೆ ಹೆದರಬೇಡಿ. ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100.

ರಾಜೀನಾಮೆಯ ಜೊತೆ ಕೊಡುವ ಚುಕ್ತಾ ಪತ್ರದಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ‘ಇನ್ನು ಮುಂದೆ ಯಾವುದೇ ಬಾಬ್ತಿನ ಹಕ್ಕು ಇರುವುದಿಲ್ಲ.’ ಪರಿಹಾರದ ಹಕ್ಕನ್ನು ಹೀಗೆ ಬರೆದುಕೊಟ್ಟರೂ ಪರಿಹಾರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅದು ಅಸಿಂಧು. ಆದರೆ ಅಸಿಂಧು ಎಂದು ಹೇಳಿಸಿಕೊಳ್ಳಲು ವರ್ಷಗಟ್ಟಲೆ ಹಿಡಿಯಬಹುದು. ಇಎಸ್‌ಐ ಹಣ ಬರುವುದು ನಿಗಮದಿಂದ, ಮಿಲ್ಲಿಗೆ ಅದನ್ನು ಬಿಟ್ಟುಕೊಡಲು ನಿಮ್ಮನ್ನು ಕೇಳುವ ಅಧಿಕಾರವೇ ಇಲ್ಲ. ಕೆಲಸ ಬಿಡಲೇಬೇಕೆಂದಿದ್ದರೂ ಮಂಡಳಿಯ ಪರೀಕ್ಷೆ ಮುಗಿಯುವವರೆಗೆ ಕಾಯಿರಿ, ಅಲ್ಲಿಯವರೆಗೆ ಸದ್ದು ಕಡಿಮೆ ಇರುವ ಪ್ಯಾಕಿಂಗ್ ಅಥವಾ ಗೋದಾಮು ವಿಭಾಗಕ್ಕೆ ಹಾಕಿಕೊಡಿ ಎಂದು ಅದೇ ನೋಟಿಸಿನಲ್ಲಿ ಕೇಳಿ. ಒಳಗಿವಿಯ ಸತ್ತ ಜೀವಕೋಶ ಮತ್ತೆ ಹುಟ್ಟುವುದಿಲ್ಲ. ಸದ್ದಿನಿಂದ ಹೊರಬಂದರೆ ಅಲ್ಲಿಗೆ ನಿಲ್ಲುತ್ತದೆ, ಅದೇ ಜಾಗದಲ್ಲಿದ್ದರೆ ಉಳಿದದ್ದೂ ಹೋಗುತ್ತದೆ.